ಶುಚಿಕಾರ್ಯದ ಉದ್ಯಮದಲ್ಲಿ ನಂಬಿಗಸ್ತ ಕೆಲಸಗಾರರು

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಮೊದಲಾದ ನಗರಗಳಲ್ಲಿ ಅನ್ಯರ ಮನೆ, ಕಚೇರಿ, ಆಸ್ಪತ್ರೆ, ವಸತಿ ಸಮುಚ್ಚಯಗಳನ್ನು ಗುಡಿಸಿ, ಒರೆಸಿ, ತೊಳೆದು ಕೊಡುವ ಕಾರ್ಯವು ಈಚಿನ ಕೆಲವು ದಶಕಗಳಲ್ಲಿ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದಿದೆ. ಜನರ ಬಾಯಲ್ಲಿ ಅದಕ್ಕೆ ಹೌಸ್‌ಕೀಪಿಂಗ್ ಎಂದು ಹೆಸರು. ಸಾವಿರಾರು ಮಂದಿಯನ್ನು ದುಡಿಸಿಕೊಳ್ಳುವ ದೊಡ್ಡ ಕಂಪನಿಗಳೂ ಅದರಲ್ಲಿವೆಯಾದರೂ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅವುಗಳನ್ನಲ್ಲ. ಎಂಟು ಹತ್ತು ಜನ ಕೆಲಸಗಾರರು, ಕೆಲವು ಬಕೆಟ್ಟು ಮಾಪುಗಳು, ಒಂದು ಸ್ಕ್ರಬ್ಬಿಂಗ್ ಮೆಷಿನ್, ಸಾಮಾನು ಸಾಗಿಸಲು ಒಂದು ಹಳೆಯ ವ್ಯಾನು, ಇಷ್ಟನ್ನೇ ಬಂಡವಾಳವಾಗಿ ಇಟ್ಟುಕೊಂಡು, ತಾವೇ ಒಡೆಯರೂ ತಾವೇ ಸೂಪರ್‌ವೈಸರೂ ತಾವೇ ಗುಮಾಸ್ತರೂ ಆಗಿ ನಡೆಸುವ ಸಣ್ಣ ಸಂಸ್ಥೆಗಳವರನ್ನು ಮಾತನಾಡಿಸಿದರೆ, ಬಡ್ಡಿ, ಬಾಡಿಗೆ, ಪೈಪೋಟಿ ಎಂಬ ಕಷ್ಟಗಳೆಲ್ಲವನ್ನೂ ಹಿಂದಿಕ್ಕಿ ಅವರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: ನಂಬಿಗಸ್ತ ಜನ ಸಿಕ್ಕುವುದಿಲ್ಲ. ಈ ದೂರು ಸುಳ್ಳಲ್ಲ. ಆದರೆ ಅದನ್ನು ಬಿಡಿಸಿ ನೋಡಿದಾಗ ದೊರೆಯುವ ಸಂಗತಿಗಳು ದೂರು ಹೇಳುವವರು ಎಣಿಸಿದಂತೆ ಇರುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಕಳವಿನ ಭಯ ದೊಡ್ಡದಾಗಿ ಕಂಡರೂ ದಿನನಿತ್ಯದ ಪೀಡೆ ಅದಲ್ಲ. ಕೆಲಸ ಕೆಟ್ಟಿತೆಂಬ ಆಕ್ಷೇಪವೂ ಅದಕ್ಕಿಂತ ಹೆಚ್ಚಾಗಿ ಬರುವುದಾದರೂ ಒಂದೆರಡು ವಾರದ ತರಬೇತಿಯಿಂದ ಬಹುಮಟ್ಟಿಗೆ ಅಡಗುತ್ತದೆ. ನಿಜವಾಗಿ ಸಂಸ್ಥೆಯ ಬೇರನ್ನೇ ಅಲ್ಲಾಡಿಸುವುದು ಗೈರುಹಾಜರಿ. ಬೆಳಗಿನ ಐದೂಮುಕ್ಕಾಲಿಗೆ ಫೋನು ಬರುತ್ತದೆ: "ಅಕ್ಕಾ, ಮಗೂಗೆ ರಾತ್ರಿಯಿಂದ ಜ್ವರ, ಇವತ್ತು ಬರಕ್ಕಾಗಲ್ಲ." ಏಳು ಗಂಟೆಗೆ ಬಾಗಿಲು ತೆರೆಯುವ ದಂತವೈದ್ಯರ ಚಿಕಿತ್ಸಾಲಯವೊಂದಿದೆ, ಅಲ್ಲಿಗೆ ಕಳುಹಿಸಲು ಇನ್ನೊಬ್ಬರಿಲ್ಲ, ಒಡತಿ ತಾನೇ ಸೆರಗು ಕಟ್ಟಿ ಮಾಪು ಹಿಡಿಯುತ್ತಾಳೆ, ಅಥವಾ ಬೇರೊಂದು ಕಡೆಯಿಂದ ಒಬ್ಬರನ್ನು ಎಬ್ಬಿಸಿ ಕಳುಹಿಸಿ ಆ ಕಡೆಯ ಗಿರಾಕಿಯ ಕೋಪಕ್ಕೆ ಗುರಿಯಾಗುತ್ತಾಳೆ. ಇಂತಹ ಬೆಳಗುಗಳು ತಿಂಗಳಲ್ಲಿ ನಾಲ್ಕಾರು ಬಂದರೆ, ಫೋನು ಮಾಡಿದ ಆ ತಾಯಿಯ ಹೆಸರಿನ ಮುಂದೆ ನಂಬುವಂಥವಳಲ್ಲ ಎಂಬ ಷರಾ ಬೀಳುವುದು ಸ್ವಾಭಾವಿಕ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಅವಶ್ಯಕ. ವಾರಕ್ಕೆ ಆರು ದಿನ ತೆರೆದಿರುವ ಎಂಟು ಕಚೇರಿಗಳ ಶುಚಿಕಾರ್ಯವನ್ನು ಒಪ್ಪಿಕೊಂಡು, ಅದಕ್ಕೆ ಸರಿಯಾಗಿ ಎಂಟೇ ಮಂದಿಯನ್ನು ಇಟ್ಟುಕೊಂಡಿರುವ ಸಂಸ್ಥೆಯೊಂದನ್ನು ಭಾವಿಸೋಣ. ವಾರಕ್ಕೆ ಬೇಕಾದ ಆಳುದಿನಗಳು 48. ಇರುವ ಆಳುದಿನಗಳೂ 48. ಒಂದು ದಿನವೂ ಮಿಗುವುದಿಲ್ಲ. ಆದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ಇಪ್ಪತ್ತು ದಿನಗಳ ದುಡಿಮೆಗೆ ಒಂದು ದಿನದಂತೆ ಗಳಿಕೆಯ ರಜೆಯನ್ನೂ, ವರ್ಷಕ್ಕೆ 12 ದಿನಗಳವರೆಗೆ ಕಾಯಿಲೆಯ ರಜೆಯನ್ನೂ ಕೆಲಸಗಾರರಿಗೆ ಕೊಟ್ಟಿದೆ. ವರ್ಷದಲ್ಲಿ 300 ದಿನ ದುಡಿದವರಿಗೆ ಇವೆರಡೂ ಸೇರಿ 27 ದಿನಗಳಾಗುತ್ತವೆ. ಎಂಟು ಮಂದಿಗೆ 216 ದಿನಗಳು. ಎಂದರೆ, ಪ್ರತಿಯೊಬ್ಬರೂ ಅತ್ಯಂತ ಪ್ರಾಮಾಣಿಕರಾಗಿ, ಕಾಯಿದೆ ಕೊಟ್ಟ ರಜೆಗಿಂತ ಒಂದು ಗಳಿಗೆಯನ್ನೂ ಹೆಚ್ಚಿಗೆ ತೆಗೆದುಕೊಳ್ಳದೆ ನಡೆದುಕೊಂಡರೂ, ವಾರದಲ್ಲಿ ಸುಮಾರು ನಾಲ್ಕು ದಿನ ಯಾರಾದರೊಬ್ಬರು ಇರುವುದೇ ಇಲ್ಲ. ಏಳು ದಿನವೂ ಕೆಲಸ ಬೇಡುವ ವಸತಿ ಸಮುಚ್ಚಯಗಳ ವಿಷಯದಲ್ಲಂತೂ ಕೊರತೆ ಇನ್ನೂ ಸ್ಪಷ್ಟ: ಎಂಟು ಸ್ಥಾನಗಳಿಗೆ ವಾರಕ್ಕೆ 56 ಆಳುದಿನಗಳು ಬೇಕು, ವಾರದ ರಜೆ ಕಳೆದು ಎಂಟು ಮಂದಿ ಕೊಡಬಲ್ಲದ್ದು 48, ಹತ್ತು ಜನರಿಗಿಂತ ಕಡಿಮೆಯಿದ್ದರೆ ಆ ಕೆಲಸವನ್ನು ನ್ಯಾಯವಾಗಿ ಮಾಡಿಸುವುದು ಶಕ್ಯವಿಲ್ಲ. ಹೀಗಿರುವಲ್ಲಿ, ಗೈರುಹಾಜರಿಯ ದೊಡ್ಡ ಪಾಲು ಕೆಲಸಗಾರರ ಸ್ವಭಾವದಲ್ಲಿಲ್ಲ, ಸಂಸ್ಥೆಯ ಎಣಿಕೆಯಲ್ಲಿದೆ ಎಂದು ಹೇಳಿದರೆ ಅನ್ಯಾಯವಾಗದು. ರಿಲೀವರ್ ಎಂದು ಈ ವೃತ್ತಿಯವರು ಕರೆಯುವ ಬದಲಿ ಕೆಲಸಗಾರರೊಬ್ಬರನ್ನು ಮೊದಲ ದಿನದಿಂದಲೇ ಪೂರ್ಣ ಸಂಬಳಕ್ಕೆ ನೇಮಿಸಿಕೊಳ್ಳದೆ ಆರಂಭಿಸಿದ ಸಂಸ್ಥೆಗೆ, ಲೋಕದಲ್ಲಿರುವ ನಂಬಿಗಸ್ತರನ್ನೆಲ್ಲ ತಂದು ಕೊಟ್ಟರೂ ನಂಬಿಕೆ ಉಳಿಯುವುದಿಲ್ಲ.

ಇನ್ನು, ಜನರು ಎಲ್ಲಿಂದ ಬರುತ್ತಾರೆಂಬ ಪ್ರಶ್ನೆ. ಕೆಲಸಗಾರರೇ ತಮ್ಮ ಅಕ್ಕಪಕ್ಕದವರನ್ನೂ ನೆಂಟರನ್ನೂ ಕರೆತರುವುದು ಎಲ್ಲಕ್ಕಿಂತ ಹಳೆಯ ಮಾರ್ಗ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ವಿದ್ಯಾವಂತರ ಉದ್ಯೋಗಗಳೂ ಬಹುಮಟ್ಟಿಗೆ ಪರಿಚಿತರ ಮಾತಿನಿಂದಲೇ ದೊರೆಯುತ್ತವೆ. ಕರೆತಂದವರು ಬಂದವರ ನಡತೆಗೆ ಒಂದು ಬಗೆಯ ಹೊಣೆ ಹೊರುವುದರಿಂದ ಈ ಮಾರ್ಗ ಬಹಳಮಟ್ಟಿಗೆ ಒಳ್ಳೆಯದೇ. ಅದರ ದೋಷ ಒಂದೇ ಒಂದು, ಆದರೆ ದೊಡ್ಡದು: ಆರು ಮಂದಿ ಒಂದೇ ಹಳ್ಳಿಯವರಾದರೆ ಆ ಹಳ್ಳಿಯ ಜಾತ್ರೆಯ ದಿನ ಆರು ಮಂದಿಯೂ ಬಸ್ಸು ಹತ್ತುತ್ತಾರೆ, ಒಂದು ಮದುವೆ ನಡೆದರೆ ಅಥವಾ ಒಂದು ಸಾವಾದರೆ ಅರ್ಧ ಸಂಸ್ಥೆ ಊರಿಗೆ ಹೋಗುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಬಂದು ನಗರದಲ್ಲಿ ನೆಲೆಸಿದವರಿಗೂ, ಒಡಿಶಾ, ಬಂಗಾಳ, ಅಸ್ಸಾಮುಗಳಿಂದ ಬಂದವರಿಗೂ ಊರಿನ ನಂಟು ಕಡಿದಿರುವುದಿಲ್ಲ, ಕಡಿಯಬೇಕೆಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಆದುದರಿಂದ ಎರಡು ಮೂರು ಊರುಗಳ, ಎರಡು ಮೂರು ಬಡಾವಣೆಗಳ ಜನರನ್ನು ಬೆರೆಸಿ ನೇಮಿಸಿಕೊಂಡು, ಅವರವರ ಜಾತ್ರೆ ಹಬ್ಬಗಳ ದಿನಗಳನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವವರು ಜಾಣರು.

ಮೇಸ್ತ್ರಿಯ ಮೂಲಕ ಜನರನ್ನು ತರಿಸುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಗಿರಣಿಗಳ ಕಾಲದಲ್ಲಿ ಇದೇ ಬಗೆಯ ಮಧ್ಯವರ್ತಿಗಳು ಕೆಲಸ ಕೊಡಿಸುವುದಕ್ಕೂ ಉಳಿಸುವುದಕ್ಕೂ ಬಡವರಿಂದ ಲಂಚ ಕೀಳುತ್ತಿದ್ದುದನ್ನು ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗವು 1931ರ ವರದಿಯಲ್ಲಿಯೇ ಖಂಡಿಸಿತ್ತು. ಮೇಸ್ತ್ರಿಗೆ ಸಂಬಳದಲ್ಲಿ ಪಾಲು ಕೊಡಬೇಕಾದ ಕೆಲಸಗಾರ್ತಿಯ ನಿಷ್ಠೆ ಮೇಸ್ತ್ರಿಗೆ ಸಲ್ಲುತ್ತದೆ. ಅವನು ಬೇರೆ ಕಂಟ್ರಾಕ್ಟಿಗೆ ಹೊರಟ ದಿನ ಅವಳೂ ಹೊರಡುತ್ತಾಳೆ. ಮುಂಗಡ ಹಣ ಕೊಟ್ಟು ಕಟ್ಟಿಹಾಕುವ ರೂಢಿಯೂ ಅಷ್ಟೇ ಹೇಯವಾದುದು. ಕಷ್ಟಕ್ಕೆ ಅಡ್ವಾನ್ಸು ಕೊಡುವುದು ಔದಾರ್ಯ. ಅದು ತೀರುವವರೆಗೆ ಬೇರೆಡೆ ಹೋಗಕೂಡದೆಂದು ತಡೆಯುವುದು 1976ರ ಜೀತ ನಿರ್ಮೂಲನ ಕಾಯಿದೆಯು ಅಪರಾಧವೆಂದು ಸಾರಿದ ಕೃತ್ಯದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಬಂದವರಲ್ಲಿ ಯಾರನ್ನು ಆರಿಸಿಕೊಳ್ಳಬೇಕು? ಮುಖಲಕ್ಷಣದಿಂದಲೂ ಮಾತಿನ ಚಾತುರ್ಯದಿಂದಲೂ ಮನುಷ್ಯರನ್ನು ಅಳೆಯಬಲ್ಲೆವೆಂಬ ಭ್ರಮೆ ಸಣ್ಣ ಸಂಸ್ಥೆಗಳವರಲ್ಲಿ ಬಲವಾಗಿದೆ. ಫ್ರಾಂಕ್ ಶ್ಮಿಟ್, ಜಾನ್ ಹಂಟರ್ ಎಂಬ ವಿದ್ವಾಂಸರು 1998ರಲ್ಲಿ ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಕ್ರೋಡೀಕರಿಸಿದಾಗ, ಮಾಡಬೇಕಾದ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಯೂ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುವ ಕ್ರಮಬದ್ಧ ಸಂದರ್ಶನವೂ ಲೋಕಾಭಿರಾಮದ ಮಾತುಕತೆಗಿಂತ ಉತ್ತಮವೆಂದು ಕಂಡುಬಂತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕಗಳನ್ನು ಪರಿಷ್ಕರಿಸಿ ಅನೇಕ ಅಂಕಿಗಳನ್ನು ತಗ್ಗಿಸಿದರಾದರೂ ಕ್ರಮಬದ್ಧ ಸಂದರ್ಶನವನ್ನು ಮೇಲಿನ ಸ್ಥಾನದಲ್ಲಿಯೇ ಉಳಿಸಿದರು. ನಮ್ಮ ವಿಷಯದಲ್ಲಿ ಇದರ ಅನ್ವಯ ಸುಲಭ. ಒಂದು ಸ್ನಾನದ ಮನೆಯನ್ನು ತೋರಿಸಿ, ಬಕೆಟ್ಟು, ಬ್ರಷ್ಷು, ಮೂರು ಬಣ್ಣದ ಬಟ್ಟೆಗಳನ್ನು ಕೈಗಿತ್ತು, ಸುಮ್ಮನೆ ಬಾಗಿಲ ಬಳಿ ನಿಂತು ನೋಡಬೇಕು. ಅನುಭವವುಳ್ಳವರು ಮೊದಲು ಒಣಕಸವನ್ನು ತೆಗೆಯುತ್ತಾರೆ. ದ್ರಾವಣವನ್ನು ಕಮೋಡಿಗೆ ಹಾಕಿ ಅದು ಹಿಡಿಯಲೆಂದು ಬಿಟ್ಟು ಅಷ್ಟರಲ್ಲಿ ಕನ್ನಡಿಗೆ ಕೈ ಹಾಕುತ್ತಾರೆ. ಮೇಲಿನಿಂದ ಕೆಳಕ್ಕೆ, ಒಳಮೂಲೆಯಿಂದ ಬಾಗಿಲ ಕಡೆಗೆ ಸಾಗುತ್ತಾರೆ. ಕಮೋಡು ಒರೆಸಿದ ಬಟ್ಟೆ ತಪ್ಪಿಯೂ ವಾಷ್‌ಬೇಸಿನ್ನಿಗೆ ತಾಗುವುದಿಲ್ಲ. ನಲ್ಲಿಯ ಹಿಂಬದಿಯ ಬಿಳಿ ಕಲೆಯನ್ನು ಹೇಳದೆಯೇ ಕಾಣುತ್ತಾರೆ. ಆಸಿಡ್ಡಿನ ಬಾಟಲಿಗೆ ಕೈ ಹಾಕುವ ಮುನ್ನ ನೆಲ ಅಮೃತಶಿಲೆಯೋ ಸೆರಾಮಿಕ್ಕೋ ಎಂದು ನೋಡುವವರನ್ನು, ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆಂದು ಬಲ್ಲವರನ್ನು, ಕಳೆದುಕೊಳ್ಳಬಾರದು. ಇದನ್ನೆಲ್ಲ ಅರಿಯದವರನ್ನು ಬಿಡಬೇಕೆಂದಲ್ಲ. ತಿದ್ದಿ ಹೇಳಿದ ಮೇಲೆ ಎರಡನೆಯ ಸಲ ಹೇಗೆ ಮಾಡುತ್ತಾರೆಂಬುದೇ ಮೊದಲನೆಯ ಸಲಕ್ಕಿಂತ ಹೆಚ್ಚು ಮುಖ್ಯ. ಪರೀಕ್ಷೆಯ ದಿನಕ್ಕೂ ಪೂರ್ಣ ಕೂಲಿ ಸಲ್ಲತಕ್ಕದ್ದು. ನೋಡುತ್ತೇವೆಂಬ ನೆಪದಿಂದ ಬಿಟ್ಟಿ ದುಡಿಸಿಕೊಂಡವರನ್ನು ನಂಬಬೇಕಾದ ಅಗತ್ಯ ಕೆಲಸಗಾರರಿಗೂ ಇಲ್ಲ.

ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇಂತಹ ನೆಲದ ಪ್ರಶ್ನೆಗಳೇ. "ಏನಮ್ಮಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡಕ್ಕಾಗುತ್ತೆ?" ಎಂದು ಕೇಳಿದರೆ, "ಐದೂವರೆ ಬಸ್ಸು ಸಿಕ್ಕಿದ್ರೆ ಆರೂಕಾಲಿಗೆ ಬರ್ತೀನಿ, ಅದು ತಪ್ಪಿದ್ರೆ ಏಳಾಗುತ್ತೆ" ಎಂಬ ಉತ್ತರ ಬರಬಹುದು, ಆ ಒಂದು ಉತ್ತರದಲ್ಲಿ ಮುಂದಿನ ಒಂದು ವರ್ಷದ ಹಾಜರಿ ಪುಸ್ತಕವೇ ಅಡಗಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಸ್ತ್ರೀಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ಪ್ರಯಾಣಿಸಬಲ್ಲವರಾಗಿರುವುದು ಈ ಉದ್ಯಮಕ್ಕೆ ಅನಾಯಾಸವಾಗಿ ಒದಗಿದ ದೊಡ್ಡ ಉಪಕಾರ. ಹಿಂದೆ ಎರಡು ಬಸ್ಸಿನ ದುಡ್ಡಿಗೆ ಹೆದರಿ ಹತ್ತಿರದ ಮನೆಗೆಲಸಕ್ಕೇ ಅಂಟಿಕೊಳ್ಳಬೇಕಾಗಿದ್ದವರು ಈಗ ದೂರದ ಕಚೇರಿಗೂ ಬರಬಲ್ಲರು. ಆದರೆ ಟಿಕೆಟ್ಟು ಉಳಿದೀತೇ ಹೊರತು ಹೊತ್ತು ಉಳಿಯದು. ಸಿಬ್ಬಂದಿಗೆ ಮನೆಗೆ ಅತ್ಯಂತ ಸಮೀಪದ ಕೆಲಸದ ಸ್ಥಳವನ್ನು ಹಂಚುವುದು ಸಂಬಳದಲ್ಲಿ ಒಂದು ಪೈಸೆಯೂ ಹೆಚ್ಚಿಸದೆ ಹಾಜರಿಯನ್ನು ಹೆಚ್ಚಿಸುವ ಉಪಾಯ. ಮಕ್ಕಳ ವಿಚಾರವನ್ನು ಕೇಳುವುದಾದರೆ ನಿರಾಕರಿಸುವುದಕ್ಕಾಗಿ ಕೇಳಕೂಡದು, ಹೊಂದಿಸುವುದಕ್ಕಾಗಿ ಕೇಳಬೇಕು: ಮಗುವನ್ನು ಅಂಗನವಾಡಿಗೆ ಬಿಟ್ಟು ಹತ್ತು ಗಂಟೆಗೆ ಬರಬಲ್ಲ ತಾಯಿಗೆ ಹತ್ತು ಗಂಟೆಯ ಕೆಲಸವನ್ನೇ ಕೊಟ್ಟರೆ ಅವಳಿಗಿಂತ ಸ್ಥಿರವಾದ ಕೆಲಸಗಾರ್ತಿ ದೊರೆಯುವುದು ದುರ್ಲಭ.

ಕೈಶುದ್ಧಿಯ ವಿಚಾರಕ್ಕೆ ಬರೋಣ. ಪೊಲೀಸ್ ಪರಿಶೀಲನಾ ಪತ್ರವನ್ನು ಸೇವಾ ಸಿಂಧು ಜಾಲತಾಣದ ಮೂಲಕ ಪಡೆಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ; ಅದನ್ನು ಮಾಡಿಸುವುದು ಯುಕ್ತ, ಖರ್ಚನ್ನು ಸಂಸ್ಥೆಯೇ ವಹಿಸುವುದು ಇನ್ನೂ ಯುಕ್ತ. ಆದರೆ ಆ ಪತ್ರ ಹಿಂದಿನದನ್ನು ಹೇಳೀತು, ಮುಂದಿನದನ್ನು ಹೇಳದು. ಬೀಗದ ಕೈಗಳನ್ನು ಯಾರು, ಯಾವಾಗ ತೆಗೆದುಕೊಂಡು ಯಾವಾಗ ಹಿಂದಿರುಗಿಸಿದರೆಂಬುದಕ್ಕೆ ಒಂದು ಪುಸ್ತಕ, ಖಾಲಿ ಮನೆಗಳಿಗೆ ಇಬ್ಬರನ್ನು ಜೊತೆಯಾಗಿ ಕಳುಹಿಸುವ ನಿಯಮ, ಕೆಲಸದ ಮುನ್ನ ಒಡವೆ ಹಣಗಳನ್ನು ಎತ್ತಿಡಬೇಕೆಂದು ಗಿರಾಕಿಗೆ ಬರೆದು ತಿಳಿಸುವ ಪದ್ಧತಿ, ಇವು ಕಳವನ್ನು ತಡೆಯುವುದರ ಜೊತೆಗೆ ನಿರಪರಾಧಿಗಳನ್ನು ಅಪವಾದದಿಂದ ರಕ್ಷಿಸುತ್ತವೆ. ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನು ಕಸ ಗುಡಿಸುವುದನ್ನೇ ಕಾಯಕವಾಗಿ ಸ್ವೀಕರಿಸಿ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂಬ ವ್ರತವನ್ನು ತನ್ನ ವಚನದಲ್ಲಿ ಸಾರಿದವಳೆಂಬುದನ್ನು ನಮ್ಮ ನಾಡು ಎಂಟು ನೂರು ವರ್ಷಗಳಿಂದ ಗೌರವದಿಂದ ನೆನೆಯುತ್ತ ಬಂದಿದೆ. ಆದರೂ ಉಂಗುರವೊಂದು ಕಾಣದಾದ ಕೂಡಲೇ ಹುಡುಕುವುದಕ್ಕೂ ಮೊದಲು ಕಸ ಗುಡಿಸಿದವಳ ಚೀಲವನ್ನು ಬಿಚ್ಚಿಸುವ ಗೃಹಸ್ಥರು ಇಂದಿಗೂ ಇದ್ದಾರೆ. ಅಂತಹ ಗಳಿಗೆಯಲ್ಲಿ ತನ್ನ ಕೆಲಸಗಾರ್ತಿಯ ಪಕ್ಕದಲ್ಲಿ ನಿಂತು, ವಿಚಾರಣೆಯಾಗಲಿ, ಅಲ್ಲಿಯವರೆಗೆ ಅವಮಾನ ಬೇಡ ಎಂದು ಹೇಳಿದ ಒಡೆಯನನ್ನು ಅವಳು ಬಿಟ್ಟುಹೋಗುವುದು ಬಹಳ ಕಷ್ಟ.

ಸಂಬಳದ ವಿಷಯದಲ್ಲಿ ಬಹಳ ವಾದಗಳಿವೆ. ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ 1913ರಲ್ಲಿ ಕೆಲಸಗಾರರ ವಾರ್ಷಿಕ ಬದಲಾವಣೆ ಶೇಕಡಾ 370ರಷ್ಟಿದ್ದಿತು; 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರು, ಎಂಟು ಗಂಟೆಯ ದುಡಿಮೆ ಎಂದು ಘೋಷಿಸಿದ ಮೇಲೆ ಅದು ಥಟ್ಟನೆ ಇಳಿಯಿತು. ಹಾಗೆಂದು ಸಣ್ಣ ಸಂಸ್ಥೆಗಳು ಸಂಬಳವನ್ನು ಇಮ್ಮಡಿಸಲಾರವು, ಇಮ್ಮಡಿಸಬೇಕಾಗಿಯೂ ಇಲ್ಲ. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ತುಸು ಮೇಲಿನ ಸಂಬಳ, ಮಾತು ಕೊಟ್ಟ ದಿನಾಂಕಕ್ಕೆ ತಪ್ಪದೆ ಕೈಸೇರಿದರೆ, ಪಕ್ಕದ ಸಂಸ್ಥೆಯವರು ಐನೂರು ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದರೂ ಜನ ಬೇಗನೆ ಹೋಗುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಂದಾಯವಾಗಬೇಕು. ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳೊಳಗೆ. ಬಿಟ್ಟುಹೋದವರ ಹತ್ತು ದಿನದ ಸಂಬಳವನ್ನು ಹಿಡಿದುಕೊಂಡರೆ ಉಳಿದವರು ಹೆದರಿ ನಿಲ್ಲುತ್ತಾರೆಂದು ಎಣಿಸುವವರುಂಟು. ಉಳಿದವರು ಕಲಿಯುವ ಪಾಠ ಬೇರೆ, ಅವರು ಸಂಬಳ ಕೈಗೆ ಬಂದ ಮರುದಿನವೇ ಹೇಳದೆ ಹೋಗಲು ಕಲಿಯುತ್ತಾರೆ.

ಹತ್ತು ಮಂದಿ ಸೇರಿದೊಡನೆ ಅನ್ವಯವಾಗುವ ಇಎಸ್‌ಐ ವಿಮೆಯನ್ನು ತಪ್ಪಿಸಿಕೊಳ್ಳಲು ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಚಾಳಿ ಈ ವೃತ್ತಿಯಲ್ಲಿ ವಿರಳವಲ್ಲ. ಇದರಿಂದ ಕಳೆದುಕೊಳ್ಳುವವರು ಒಡೆಯರೇ ಎಂಬುದನ್ನು ಗಮನಿಸಬೇಕು. ಒಡೆಯರ ಪಾಲು ಸಂಬಳದ ಶೇಕಡಾ 3.25, ಕೆಲಸಗಾರರದು ಶೇಕಡಾ 0.75, ಇಷ್ಟಕ್ಕೆ ಬೆಂಗಳೂರಿನ ರಾಜಾಜಿನಗರ, ಇಂದಿರಾನಗರ, ಪೀಣ್ಯಗಳ ಆಸ್ಪತ್ರೆಗಳಲ್ಲಿ ಇಡೀ ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆ ಬಿದ್ದಾಗ 91 ದಿನಗಳವರೆಗೆ ಸಂಬಳದ ಶೇಕಡಾ 70, ಹೆರಿಗೆಗೆ 26 ವಾರಗಳ ಸೌಲಭ್ಯ ದೊರೆಯುತ್ತವೆ. ಅತ್ತೆಯ ಶಸ್ತ್ರಚಿಕಿತ್ಸೆಗೆ ಮೀಟರ್ ಬಡ್ಡಿಗೆ ಸಾಲ ಮಾಡಿದವಳು ಆ ಸಾಲ ತೀರಿಸಲು ಮೂರನೆಯ ಮನೆಯ ಕೆಲಸವನ್ನೂ ಹಿಡಿದು, ದಣಿದು, ಕೊನೆಗೆ ನಮ್ಮ ಕೆಲಸಕ್ಕೇ ಗೈರುಹಾಜರಾಗುತ್ತಾಳೆ. ಇಎಸ್‌ಐ ಕಾರ್ಡು ಕೈಯಲ್ಲಿದ್ದ ಪಕ್ಷದಲ್ಲಿ ಈ ಸರಪಣಿಯ ಮೊದಲ ಕೊಂಡಿಯೇ ಬೀಳುತ್ತಿರಲಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ಒಡೆಯರ ಸಂಕಟವನ್ನೂ ಹೇಳದಿದ್ದರೆ ಸಮೀಕ್ಷೆ ಪಕ್ಷಪಾತವಾದೀತು. ಸಂಬಳ ಏಳನೆಯ ತಾರೀಖಿಗೆ ಕೊಡಬೇಕು. ಗಿರಾಕಿಯ ಹಣ ಎರಡು ಮೂರು ತಿಂಗಳಾದರೂ ಬರುವುದಿಲ್ಲ. ಬಾರದ ಹಣದ ಮೇಲೆ ಶೇಕಡಾ 18ರ ಜಿಎಸ್‌ಟಿಯನ್ನು ಮೊದಲೇ ಕಟ್ಟಬೇಕಾಗುತ್ತದೆ. ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡತಕ್ಕದ್ದೆಂದೂ, ತಡವಾದರೆ ಚಕ್ರಬಡ್ಡಿ ಸೇರಿಸಿ ಕೊಡತಕ್ಕದ್ದೆಂದೂ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ವಿಧಿಸಿದೆ. ಉದ್ಯಮ್ ನೋಂದಣಿ ಮಾಡಿಸಿ ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚುಹಾಕುವ ಸಂಸ್ಥೆಗಳು ಹೆಚ್ಚಬೇಕು. ಗಿರಾಕಿಯ ವಿಳಂಬವನ್ನು ಕೆಲಸಗಾರರ ಹೊಟ್ಟೆಗೆ ದಾಟಿಸುವುದೊಂದೇ ದಾರಿಯೆಂದು ತಿಳಿದವರಿಗೆ ಈ ಕಾಯಿದೆಯ ಪರಿಚಯ ಅತ್ಯಗತ್ಯ.

ಕೊನೆಯದಾಗಿ, ಈ ವೃತ್ತಿಯನ್ನು ಬಿಡದೆ ಹಿಂಬಾಲಿಸುವ ಜಾತಿಯ ಪ್ರಶ್ನೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ನಿಷೇಧಿಸಿದರು. ಪೌರಕಾರ್ಮಿಕರ ಸ್ಥಿತಿಗತಿಗಳನ್ನು ಐ.ಪಿ.ಡಿ. ಸಾಲಪ್ಪನವರ ಸಮಿತಿ ಪರಿಶೀಲಿಸಿತು. ಕೋಲಾರದ ಚಿನ್ನದ ಗಣಿಯ ನೆಲದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಮಲ ಹೊರುವ ಪದ್ಧತಿಯ ವಿರುದ್ಧದ ಹೋರಾಟವನ್ನು ದೇಶವ್ಯಾಪಿಯಾಗಿಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಇಷ್ಟಾದರೂ ಹತ್ತು ಮಂದಿಯ ಸಂಸ್ಥೆಯಲ್ಲಿ ಗಾಜು ಒರೆಸುವವರು ಯಾರು, ಶೌಚಾಲಯ ತೊಳೆಯುವವರು ಯಾರು ಎಂಬ ಹಂಚಿಕೆ ಇಂದಿಗೂ ಹೆಸರು ಊರುಗಳನ್ನು ಕೇಳಿ ನಡೆಯುವುದುಂಟು. ಹಾಗೆ ಹಂಚಲ್ಪಟ್ಟವರು ಬೇಗನೆ ಬಿಟ್ಟುಹೋದರೆ ಅದನ್ನು ಅಸ್ಥಿರತೆಯೆಂದು ಕರೆಯುವುದು ಸತ್ಯಕ್ಕೆ ದ್ರೋಹ. ಶೌಚಾಲಯದ ಕೆಲಸವನ್ನು ವಾರಕ್ಕೊಮ್ಮೆ ಸರದಿಯಂತೆ ಎಲ್ಲರಿಗೂ, ಸೂಪರ್‌ವೈಸರಿಗೂ ಸಹ, ಹಂಚತಕ್ಕದ್ದು. ಕೈಗವಸು, ಬೂಟು, ಬಟ್ಟೆ ಬದಲಿಸಿಕೊಳ್ಳಲು ಒಂದು ಕೋಣೆ, ಊಟದ ಡಬ್ಬಿಯನ್ನು ಇಡಲು ಮೆಟ್ಟಿಲಡಿಗಿಂತ ಮರ್ಯಾದೆಯ ಜಾಗ, ಇವುಗಳನ್ನು ಗಿರಾಕಿಯೊಡನೆ ಕರಾರು ಮಾಡಿಕೊಳ್ಳುವಾಗಲೇ ಬರೆಸಿಕೊಳ್ಳತಕ್ಕದ್ದು. ಪಿಟ್ ಗುಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಒಬ್ಬನನ್ನು ಇಳಿಸಿ ಶುಚಿ ಮಾಡಿಸಿಕೊಡಿ ಎಂದು ಕೇಳುವ ಗಿರಾಕಿಗಳು ಇನ್ನೂ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯಿದೆಯಂತೆ ಅದು ಅಪರಾಧ, ಮತ್ತು ಅಂತಹ ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗಳಿಗೆ ಏರಿಸಿದೆ. ಎಷ್ಟೇ ಹಣ ಕೊಡುತ್ತೇನೆಂದರೂ ಆ ಕೆಲಸವನ್ನು ನಿರಾಕರಿಸುವುದು ಒಡೆಯರ ಧರ್ಮ.

ಸಣ್ಣ ಸಂಸ್ಥೆಗಳನ್ನು ನಡೆಸುತ್ತಿರುವವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮುಂದಿನ ಸಲ ಗಿರಾಕಿಗೆ ದರ ಹೇಳುವಾಗ ಬದಲಿ ಕೆಲಸಗಾರರ ಸಂಬಳವನ್ನೂ ಇಎಸ್‌ಐ, ಪಿಎಫ್‌ಗಳನ್ನೂ ಪ್ರತ್ಯೇಕ ಸಾಲುಗಳಲ್ಲಿ ಕಾಣುವಂತೆ ಬರೆಯಿರಿ, ಆ ಸಾಲುಗಳನ್ನು ಹೊಡೆದುಹಾಕಿ ದರ ಇಳಿಸಿ ಕೆಲಸ ಹಿಡಿಯಬೇಡಿ. ಆ ಕಾಗದವನ್ನು ಕೈಯಲ್ಲಿ ಹಿಡಿದಿರುವ ಗೃಹಸ್ಥರೂ, ವಸತಿ ಸಂಘಗಳ ಪದಾಧಿಕಾರಿಗಳೂ, ಕಚೇರಿಗಳ ವ್ಯವಸ್ಥಾಪಕರೂ ಅತ್ಯಂತ ಕಡಿಮೆ ದರದವರನ್ನು ಹುಡುಕುವ ಮುನ್ನ, ಆ ದರದಲ್ಲಿ ಯಾರ ರಜೆ, ಯಾರ ವಿಮೆ ಕಡಿತವಾಗಿದೆಯೆಂದು ಒಮ್ಮೆ ಕೇಳಿ ನೋಡಲಿ.